ಪರದೆಯ ಹಿಂದಿನಿಂದ ಕಂಡ ಹೊರಸು

ಚಿಕ್ಕಂದಿನಲ್ಲಿ ನೋಡಿದ ಒಂದು ಸಿನಿಮಾದಲ್ಲಿ ಹಗ್ಗದ ಹೊರಸು, ಅಂದರೆ ಮಂಚ, ಎಡದಿಂದ ಬಲಕ್ಕೆ ಹಾರುತ್ತದೆ ಅಂತ ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಬಲದಿಂದ ಎಡಕ್ಕೆ ಹಾರುತ್ತಿದೆ!

ನಿನಗೆ ಮರೆವು ಅಜ್ಜಿ, ಅಂದಳು.

ಮರೆವಲ್ಲ. ನಾವು ನೋಡಿದ್ದು ಪರದೆಯ ಹಿಂದಿನಿಂದ.

ನಿಜಾಮನ ಆಳ್ವಿಕೆ ಮುಗಿದ ಮರುವರ್ಷ. ಕಲ್ಯಾಣದಲ್ಲಿ ಓಡಿದ ಟೂರಿಂಗ್ ಟಾಕೀಸು ಹುಮನಾಬಾದಿಗೆ ಬಂದಿತ್ತು. ನಮ್ಮ ಹಳ್ಳಿಯಿಂದ ನಡೆದೇ ಹೋದೆವು.

ಪರದೆಯ ಮುಂದೆ ಗೌಡರು, ಅಂಗಡಿಯವರು. ಹೊಲಗೇರಿಯವರಾದ ನಮಗೆ ಹಿಂದೆ ಜಾಗ. ಅಲ್ಲಿಂದ ಎಲ್ಲವೂ ತಿರುಗುಮುರುಗು ಕಾಣುತ್ತದೆ... ನಮಗದು ಗೊತ್ತೇ ಇರಲಿಲ್ಲ.

ನಿಜಾಮ ಹೋಗಿದ್ದ. ಪರದೆ ಹೋಗಿರಲಿಲ್ಲ.

ಕಥೆ ಇಷ್ಟೇ. ಒಂದು ಬಡ ಸಂಸಾರ, ಅಪ್ಪ ಅವ್ವ ಮಕ್ಕಳು, ಹೊರಸಿನ ಮೇಲೆ ಕೂತಿದೆ. ರಾಜ ಬಂದು ಇಳಿಯಿರಿ ಅನ್ನುತ್ತಾನೆ. ಅವರು ಇಳಿಯುವುದಿಲ್ಲ. ಹೊರಸು ಎದ್ದು ಹಾರುತ್ತದೆ.

ಪರದೆಯ ಎರಡೂ ಕಡೆ ಒಂದೇ ಸಲ ಸಿಳ್ಳೆ ಹೊಡೆದರು.

ನಮ್ಮ ಊರಲ್ಲೂ ಅದೇ ಕಾನೂನು. ಗೌಡ ದಾರಿಯಲ್ಲಿ ಬಂದರೆ ನಾವು ಹೊರಸಿನಿಂದ ಇಳಿದು ನಿಲ್ಲಬೇಕು.

ಮರುದಿನ ಅಪ್ಪ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕೂತಿದ್ದ, ಪಕ್ಕದಲ್ಲಿ ನಾನು. ಗೌಡ ಬಂದ. ಅಪ್ಪ ಏಳಲು ಹೊರಟ. ನಾನು ಅವನ ಧೋತರದ ಚುಂಗು ಹಿಡಿದೆ.

"ಇಳಿಬ್ಯಾಡ ಅಪ್ಪಾ. ಇಳದ್ರ ಹೊರಸು ಹಾರೂದಿಲ್ಲ."

ಜೋಳ ಹಸನು ಮಾಡುತ್ತಿದ್ದ ಅವ್ವನ ಕೈಯಲ್ಲಿ ಮೊರ ಹಾಗೇ ನಿಂತಿತು. ಅಪ್ಪನ ಒಂದು ಕಾಲು ಆಗಲೇ ನೆಲದ ಮೇಲಿತ್ತು. ಅದನ್ನೂ ಮೇಲೆ ತಗೊಂಡ.

ಗೌಡನೂ ಆ ಸಿನಿಮಾ ನೋಡಿದ್ದ. "ಏನಲೇ, ನೀನೂ ಹಾರಾಕತ್ತಿ ಏನು?"

"ಹೌದ್ರಿ ಗೌಡ್ರ." ಅಪ್ಪ ಹೊರಸಿನ ಅಂಚು ಹಿಡಿದುಕೊಂಡ. "ಇಳಿಯೂದು ಹ್ಯಾಂಗಂತ ಸಿನಿಮಾದಾಗ ತೋರಿಸಲಿಲ್ರಿ."

ಗೌಡನ ಮೀಸೆಯಡಿ ನಗು ಬಂದೇಬಿಟ್ಟಿತು. ನುಂಗಿಕೊಂಡು ಹೋದ. ಇವತ್ತಿಗೂ ಅವನನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ... ತನ್ನ ನಗುವನ್ನೂ ಹೊರಗೆ ಬಿಡಲಾರದ ಗೌಡಿಕೆ!

ಸಂಜೆಗೆ, ಇನ್ನು ಹೊಲಕ್ಕೆ ಬರಬೇಡಿ ಅಂತ ಹೇಳಿಕಳಿಸಿದ. ಊರಲ್ಲಿ ಬೇರೆ ಯಾರೂ ಕೂಲಿಗೆ ಕರೆಯಲಿಲ್ಲ.

ಊರು ಬಿಟ್ಟೆವು. ಹುಮನಾಬಾದಿನ ಬಜಾರಿನಲ್ಲಿ ಹಮಾಲಿ ಮಾಡಿಯೇ ಅಪ್ಪ ನನ್ನನ್ನು ಓದಿಸಿದ್ದು.

ಹೊರಟ ದಿನ ಹೊರಸನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದ. ಹಿಂದಿದ್ದ ನನಗೆ ಆ ಹೊರಸೊಂದೇ ಕಾಣುತ್ತಿತ್ತು... ಹಾರುತ್ತಿತ್ತು.

ಈಗ ಮೊಬೈಲಿನಲ್ಲಿ ಹೊರಸಿಗೆ ಕಟ್ಟಿದ ತಂತಿ ಕಣ್ಣಿಗೆ ಹೊಡೆಯುತ್ತದೆ. ಮೊಮ್ಮಗಳು ನೋಡಿ ನಕ್ಕಳು. ಆದರೆ ರಾಜ ಇಳಿಯಿರಿ ಅಂದ ಕೂಡಲೇ, ಸೋಫಾದ ಮೇಲೆ ತಾನೂ ಕಾಲೆತ್ತಿಕೊಂಡು ಕೂತಳು.

ನಿಮ್ಮ ಮನೆಯ ಹಿರಿಯರು ಪರದೆಯ ಯಾವ ಕಡೆ ಕೂತಿದ್ದರು?