ಫ್ಯೂಸ್ ಕಿತ್ತ ಮೇಲೂ ಹತ್ತಿದ ದೀಪ

ಹೊಸೂರಿನ ಪಕ್ಕದ ನಮ್ಮ ತಳಿ ಊರಿನ ಕಡೆ ಮೋಟರಿಗೆ ಕೈ ಹಾಕುವವನು ಮೊದಲು ಫ್ಯೂಸ್ ಕಿತ್ತು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ. ಬೇರೆಯವರ ಕೈಗೆ ಅದು ಸಿಗಬಾರದು. ನನ್ನ ಯಜಮಾನರು ಒಂದು ಬೆಳಿಗ್ಗೆ ಅದನ್ನು ಸ್ಟಾರ್ಟರ್ ಪೆಟ್ಟಿಗೆಯ ಮೇಲಿಟ್ಟು ಬೋರ್‌ವೆಲ್ ಹತ್ತಿರ ಹೋದರು. ಪಕ್ಕದ ಹೊಲದವರು ಉಪಕಾರವೆಂದುಕೊಂಡೇ ಅದನ್ನು ಸಿಕ್ಕಿಸಿದರು. ಯಜಮಾನರು ಉಳಿಯಲಿಲ್ಲ. ಅಂದಿನಿಂದ ಬಲ್ಬು ಬದಲಿಸಬೇಕಾದರೂ ನಾನು ಜಗಲಿಯ ಮೀಟರ್ ಬೋರ್ಡಿನಿಂದ ಫ್ಯೂಸ್ ಕೀಳುತ್ತೇನೆ. ಹಾವು ಕಡಿದವಳಿಗೆ ಹಗ್ಗವೂ ಹಾವೇ ಎಂದು ಓರಗಿತ್ತಿಯರು ನಗುತ್ತಾರೆ. ನಗಲಿ, ನನಗೆ ಉಳಿದಿರುವುದು ಒಬ್ಬಳೇ ಮಗಳು.

ಆ ಮಗಳು ಪಾಲಿಟೆಕ್ನಿಕ್‌ನಲ್ಲಿ ಓದುತ್ತಾಳೆ. ಹೋದ ವರ್ಷ ಆಯುಧಪೂಜೆಯ ಹಿಂದಿನ ದಿನ, ಊರವರೆಲ್ಲ ಟ್ರ್ಯಾಕ್ಟರ್ ತೊಳೆದು ಸೇವಂತಿಗೆ ಹಾರ ಹಾಕುವಾಗ ತನ್ನ ಕಂಪ್ಯೂಟರಿಗೂ ಅಲಂಕಾರ ಬೇಕೆಂದಳು. ಹೂವಲ್ಲ, ದೀಪ. ಹೊಸೂರಿನಿಂದ ಬಣ್ಣದ ಎಲ್‌ಇಡಿ ಪಟ್ಟಿ ತಂದಿದ್ದಳು. ಅದು ಒಂದು ಬದಿಗೆ ಗಾಜಿರುವ ಸಿಪಿಯು ಡಬ್ಬದ ಒಳಗೇ ಅಂಟಿಸಬೇಕಂತೆ. ಇದು ಬರೀ ಹನ್ನೆರಡು ವೋಲ್ಟಿನದು, ಹಳದಿ ವೈರಿಗೆ ಪ್ಲಸ್ಸು, ಕಪ್ಪಿಗೆ ಮೈನಸ್ಸು, ಕತ್ತರಿಸಿದ ತುದಿ ತಗಡಿಗೆ ತಾಗದಂತೆ ಟೇಪು ಸುತ್ತಿದರಾಯಿತು ಎಂದು ನನಗೆ ಪಾಠ ಹೇಳಿದಳು. ವೋಲ್ಟಿನ ಲೆಕ್ಕ ನನಗೆ ತಿಳಿಯದು. ವೈರು ಅಂದರೆ ನನಗೆ ವೈರೇ.

ಕಂಪ್ಯೂಟರ್ ಆಫ್ ಮಾಡಿ ಗಾಜು ಬಿಚ್ಚಿದಳು. ಪ್ಲಗ್ ಕೀಳಲು ಹೋದವಳು, ನಾನು ಜಗಲಿಗೆ ಹೊರಟಿದ್ದನ್ನು ಕಂಡು, ನೀನು ಫ್ಯೂಸೇ ಕಿತ್ತ ಮೇಲೆ ಇದ್ಯಾಕೆ ಎಂದು ಪ್ಲಗ್ಗನ್ನು ಹಾಗೇ ಬಿಟ್ಟಳು.

ಫ್ಯೂಸ್ ಕಿತ್ತೆ. ಮನೆಯೊಳಗೆ ಸೀಲಿಂಗ್ ಫ್ಯಾನು ನಿಂತಿತು. ಮನಸ್ಸಿಗೆ ಧೈರ್ಯ ಬಂತು.

"ಕಿತ್ತಿವ್ನಿ. ಕೈ ಹಾಕು," ಎಂದು ಕೂಗಿದೆ.

ಸ್ವಲ್ಪ ಹೊತ್ತಾಗಿತ್ತು. ಕಿಟಕಿಯಲ್ಲಿ ನೋಡುತ್ತೇನೆ, ಡಬ್ಬದ ಒಳಗೆಲ್ಲ ನೀಲಿ ಕೆಂಪು ಬೆಳಕು ಹತ್ತಿಕೊಂಡಿದೆ. ಒಳಗಿನ ಫ್ಯಾನು ತಿರುಗುತ್ತಿದೆ. ಮಗಳ ಕೈ ಮೊಣಕೈವರೆಗೆ ಅದರೊಳಗಿದೆ. ಫ್ಯೂಸ್ ನನ್ನ ಮುಷ್ಟಿಯಲ್ಲೇ ಇದೆ! ಕಿತ್ತ ಮೇಲೂ ಕರೆಂಟು ಎಲ್ಲಿಂದ ಬಂತು? ಕರೆಂಟು ಹಿಡಿದವರನ್ನು ಮುಟ್ಟಬಾರದು, ಒಣ ಮರದಿಂದ ಹೊಡೆದು ಬಿಡಿಸಬೇಕು ಎಂಬುದಷ್ಟೇ ತಲೆಯಲ್ಲಿತ್ತು. ಬಾಗಿಲ ಪಕ್ಕದ ಬಿದಿರು ದೊಣ್ಣೆ ಎತ್ತಿ ಓಡಿದವಳೇ ಅವಳ ತೋಳಿಗೆ ಬಾರಿಸಿದೆ.

ಅವಳು ಕೈ ಎಳೆದುಕೊಂಡು ಗೋಡೆಗೆ ಒರಗಿ ಬಿದ್ದಳು. ಕಣ್ಣು ಬಿಟ್ಟುಕೊಂಡೇ ಇದ್ದಳು, ಉಸಿರಾಡುತ್ತಿದ್ದಳು. ನಾನು ದೊಣ್ಣೆ ಹಿಡಿದೇ ನಿಂತಿದ್ದೆ.

"ಯುಪಿಎಸ್‌ನಾಗೆ ಬ್ಯಾಟ್ರಿ ಐತೆ ಕಣಮ್ಮ. ನೀನ್ ಕಿತ್ತಿದ್ದು ಗೋಡೆ ಕರೆಂಟು. ನನ್ ಮೊಣಕಾಲು ತಾಗಿ ಕಂಪ್ಯೂಟರ್ ಬಟನ್ ಅದುಮ್ಬುಡ್ತು. ನಂಗೇನೂ ಆಗಿಲ್ಲ."

ಮೇಜಿನ ಕೆಳಗೆ ಯುಪಿಎಸ್ ಕೀ ಕೀ ಎನ್ನುತ್ತಿದ್ದದ್ದು ಆಗ ಕೇಳಿಸಿತು. ದಿನಕ್ಕೆ ಎಷ್ಟೋ ಸಲ ಕರೆಂಟು ಹೋಗುವ ಊರು ನಮ್ಮದು. ಆ ಸದ್ದಿಗೆ ಇಬ್ಬರ ಕಿವಿಯೂ ಒಗ್ಗಿಹೋಗಿತ್ತು. ಫ್ಯೂಸ್ ಕಿತ್ತರೆ ಮನೆಯಲ್ಲಿ ಜೀವ ತೆಗೆಯುವಂಥದ್ದು ಏನೂ ಉಳಿಯುವುದಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ಆ ನಂಬಿಕೆ ಹೋದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ತೋಳು ಊದಿತ್ತು. ಅವಳು ಕಂಪ್ಯೂಟರ್ ಆಫ್ ಮಾಡಿ, ಯುಪಿಎಸ್ಸಿನಿಂದ ಅದರ ವೈರನ್ನು ಪೂರ್ತಿ ಕಿತ್ತು ಪ್ಲಗ್ಗನ್ನು ನನ್ನ ಕೈಗಿಟ್ಟಳು. ತಾನು ಕೇಳುವವರೆಗೂ ಕೊಡಬೇಡ ಎಂದಳು. ನಾನು ಕೂತು ನೋಡುತ್ತಿದ್ದಂತೆ ಒಂದೇ ಕೈಯಲ್ಲಿ ಪಟ್ಟಿ ಒತ್ತಿ ಅಂಟಿಸಿದಳು. ತುದಿಗೆ ಟೇಪು ಸುತ್ತಿದಳು. ವೈರು ಫ್ಯಾನಿನ ರೆಕ್ಕೆಗೆ ಸಿಗದಂತೆ ಕಟ್ಟಿ ಗಾಜು ಮುಚ್ಚಿದಳು.

"ಆಯ್ತಮ್ಮ, ಕೊಡು."

ಕೊಡಲಿಲ್ಲ. ಇನ್ನೊಂದು ಸಲ ಒಳಗೆ ನೋಡು ಎಂದೆ. ಗಾಜು ಬಿಚ್ಚಿ ನೋಡಿದಳು. ಮತ್ತೊಂದು ಸಲ ಎಂದೆ. ಅದಕ್ಕೂ ನೋಡಿದಳು. ಕೊಡಬೇಕೆಂದೇ ಇತ್ತು, ಬೆರಳು ಬಿಡಿಸಲು ಆಗಲಿಲ್ಲ. ಅವಳು ಪಕ್ಕದಲ್ಲಿ ಬಂದು ಕೂತು, ಪ್ಲಗ್ ಹಿಡಿದಿದ್ದ ನನ್ನ ಮುಷ್ಟಿಯ ಮೇಲೆ ಊದಿದ ಕೈ ಇಟ್ಟಳು.

"ಇವತ್ತು ಬ್ಯಾಡ ಬುಡಮ್ಮ," ಎಂದಳು.