ಮೆಂಬರಕ್ಕನ ಎಂಟು ಪವನು

ಹೊಸಂಗಡಿಯ ನನ್ನ ಜೆರಾಕ್ಸ್ ಅಂಗಡಿಗೆ ಬಂದ ಕಾಗದವನ್ನು ಓದದೆ ಬಿಡಲು ನನ್ನಿಂದಾಗದು. ನಾನು ಓದು ಕಲಿತದ್ದೇ ಹಾಗೆ, ಕೈಗೆ ಸಿಕ್ಕ ಕಾಗದಗಳನ್ನು ಓದಿ. ಮೊನ್ನೆ ನಮ್ಮ ಪಂಚಾಯತ್ ಮೆಂಬರ್ ಯಶೋದಕ್ಕ ತನ್ನ ಆಸ್ತಿ ವಿವರವನ್ನು ಆಫೀಸಿಗೆ ಕೊಡುವ ಮೊದಲು ಪ್ರತಿ ಮಾಡಿಸಲು ಬಂದರು. ಚಿನ್ನ ಎಂಟು ಪವನು ಎಂದಿತ್ತು.

"ಎಂತ ಅಕ್ಕ, ಮಗಳ ಮದುವೆಯಲ್ಲಿ ನಿಮ್ಮ ಕುತ್ತಿಗೆಯಲ್ಲೇ ಇಪ್ಪತ್ತು ಪವನು ಇತ್ತಲ್ಲ? ವೋಟು ಹಾಕಿದವರಿಗೆ ಗೊತ್ತಾಗಬೇಡವಾ?" ಎಂದೆ.

ಅವರು ಸ್ವರ ತಗ್ಗಿಸಿದರು. "ಅದು ಚಿನ್ನ ಅಲ್ಲ ಮಾರಾಯ್ತಿ, ಒನ್ ಗ್ರಾಮ್ ಗೋಲ್ಡ್. ಉಪ್ಪಳದಿಂದ ಬಾಡಿಗೆಗೆ ತಂದದ್ದು. ಬೀಗರಿಗೆ ತಿಳಿದರೆ ಮಗಳಿಗೆ ಚುಚ್ಚುಮಾತು ತಪ್ಪಿದ್ದಲ್ಲ. ಈ ಕಾಗದದ ಪ್ರತಿ ಯಾರು ಕೇಳಿದರೂ ಆಫೀಸಿನಲ್ಲಿ ಕೊಡ್ತಾರಂತೆ. ಇಪ್ಪತ್ತು ಅಂತಲೇ ಬರೆಯಲಾ?"

ಆಸ್ತಿ ಅಡಗಿಸುವವರ ಬಗ್ಗೆ ಪೇಪರಿನಲ್ಲಿ ಬೇಕಾದಷ್ಟು ಓದಿದ್ದೆ. ಇಲ್ಲದ್ದನ್ನು ಸೇರಿಸಲು ಹೊರಟವರನ್ನು ಕಂಡದ್ದು ಇದೇ ಮೊದಲು.

"ಬರೆದರೆ ಎಲ್ಲಿಂದ ಬಂತು ಅಂತ ಕೇಳ್ತಾರೆ. ಕುರ್ಚಿ ಬೇಕಾದರೆ ಎಂಟೇ ಇರಲಿ," ಎಂದೆ.

ಗೊಣಗುತ್ತಾ ಎಂಟನ್ನೇ ಉಳಿಸಿ ಸಹಿ ಹಾಕಿದರು. ಹೊರಡುವಾಗ ನನ್ನ ಸರ ನೋಡಿ, "ನಿನ್ನದು ಎಷ್ಟು ಪವನು?" ಎಂದು ಕೇಳಿದರು.

"ನಾನು ಚುನಾವಣೆಗೆ ನಿಂತಿಲ್ಲವಲ್ಲ ಅಕ್ಕ," ಎಂದು ಸೆರಗನ್ನು ಸರದ ಮೇಲೆ ಎಳೆದುಕೊಂಡೆ.