ಔಷಧಿ ಕಲಸುವ ಮುಂಚೆ

ಪುನೀತಾ, ಮಾನಸಾ, ನಿನ್ನೆ ನಾನು ನಿಮ್ಮ ಮೇಲೆ ಕೂಗಿದೆ. ಈ ಅಜ್ಜಿಯ ದನಿ ಜಗಲಿ ದಾಟಿದ್ದನ್ನು ನೀವು ಅದುವರೆಗೆ ಕೇಳಿರಲಿಲ್ಲ. ನಿಮ್ಮಪ್ಪ ತಂದಿಟ್ಟ ಸೋಯಾ ಬಿತ್ತನೆ ಬೀಜದ ಚೀಲ ಬಿಚ್ಚಿ, ಗುಲಾಬಿ ಬಣ್ಣದ ಕಾಳು ಅಂಗೈಯಲ್ಲಿಟ್ಟುಕೊಂಡು, "ಮಿಠಾಯಿ ಥರ ಐತಲ್ಲಜ್ಜಿ" ಅಂದಿರಿ. ಔಷಧಿಯ ಘಾಟು ಮೂಗಿಗೆ ಬಡಿದದ್ದೇ, ಐ.ಡಿ.ಹಳ್ಳಿ ಕಡೆಯ ಈ ಮನೆಗೆ ನಾನು ಸೊಸೆಯಾಗಿ ಬಂದ ವರ್ಷದ ಬಿತ್ತನೆ ನೆನಪಾಯಿತು.

ಆಗ ಬಿತ್ತುತ್ತಿದ್ದುದು ಕಡಲೆಕಾಯಿ. ಹಿಂದಿನ ವರ್ಷ ಗೊಣ್ಣೆಹುಳು ಬೇರು ತಿಂದು ಅರ್ಧ ಹೊಲ ಒಣಗಿಸಿತ್ತಂತೆ. ಅದಕ್ಕೇ ನಿಮ್ಮ ತಾತ ಆ ಸಲ ಬೀಜಕ್ಕೆ ಕೀಟನಾಶಕ ಕಲಸಿ ನೆರಳಲ್ಲಿ ಹರವಿದರು. ಬಾಟಲಿಯ ಮೇಲಿನದನ್ನು ಓದಿ ಹೇಳಿದವಳು ನಾನೇ. ಬಾಗಿಲ ಮರೆಯಲ್ಲಿ ನಿಂತು ಓದಿದೆ, ಅಷ್ಟು ನಾಚಿಕೆ. ಆ ಔಷಧಿಗೆ ಈಗಿನ ಹಾಗೆ ಬಣ್ಣಗಿಣ್ಣ ಇರಲಿಲ್ಲ. ಒಣಗಿದ ಮೇಲೆ ಮಾಮೂಲಿ ಬೀಜದಂತೆಯೇ ಕಾಣುತ್ತಿತ್ತು.

ಬಿತ್ತಿ ಉಳಿದ ಬೀಜ ಹುರಿದು, ಬೆಲ್ಲದ ಜೊತೆ ಕೇರಿಯ ಮಕ್ಕಳಿಗೆ ಕೊಡುವುದು ಈ ಮನೆಯ ರೂಢಿ. ಸಂಜೆ ನಾನು ನೀರು ಹೊತ್ತು ತರುವಷ್ಟರಲ್ಲಿ ಅತ್ತೆ ಬಾಣಲೆ ಇಟ್ಟಿದ್ದರು. ಬಾಗಿಲಲ್ಲಿ ಮಕ್ಕಳ ಸಾಲು.

"ಅತ್ತೆ, ಅದು ಔಷ್ದಿ ಬೀಜ, ಬ್ಯಾಡ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಅಂದೆ.

"ಮೂರು ನೀರ್ನಾಗೆ ತೊಳ್ದಿವ್ನಿ ಕಣಮ್ಮ. ಔಷ್ದಿ ಹಾಕಿರೋದು ಬೇರು ತಿನ್ನೋ ಹುಳಕ್ಕೆ. ಮಕ್ಳೇನು ಬೇರು ತಿಂತಾವಾ?"

ಮಕ್ಕಳೆಲ್ಲ ನಕ್ಕವು. ಒಬ್ಬಳು ಆಗಲೇ ಲಂಗ ಒಡ್ಡಿದ್ದಳು.

ಸೆರಗಿನಲ್ಲಿ ಬಾಣಲೆ ಹಿಡಿದು ಹಿತ್ತಲಿಗೆ ನಡೆದೆ. ಕೈ ಸುಡುತ್ತಿತ್ತು, ಕೆಳಗಿಡಲಿಲ್ಲ. ಗುಂಡಿ ತೋಡಿ ಅಷ್ಟನ್ನೂ ಸುರಿದೆ. ಬಾಣಲೆಯನ್ನೂ ಹೂತೆ.

"ಅಯ್ಯಯ್ಯೋ, ಕೊಳಾಲದ ಮೇಡಮ್ಮ ನನ್ ಬಾಣ್ಲೇನೂ ಹೂತ್ಬುಟ್ಲು!" ಅತ್ತೆಯ ಕೂಗು ಕೇರಿಗೆಲ್ಲ ಕೇಳಿತು. ತವರು ಕೊಳಾಲದಲ್ಲಿ ಏಳನೇ ಕ್ಲಾಸು ಓದಿದ್ದ ನನಗೆ ಅಂದಿನಿಂದ ಅದೇ ಹೆಸರು. ಬಾಣಲೆ ಹೂತದ್ದು ಸ್ವಲ್ಪ ಜಾಸ್ತಿಯಾಯಿತೇನೋ. ಆದರೂ ತೆಗೆಯಲಿಲ್ಲ.

ಅತ್ತೆ ಬಹಳ ದಿನ ಮಾತು ಬಿಟ್ಟರು. ಮರುವರ್ಷ ತಾತ ಔಷಧಿ ಬಾಟಲಿ ಮುಟ್ಟುವ ಮುಂಚೆ ಅತ್ತೆಯೇ ಮೊರ ಹಿಡಿದು ಬಂದರು. "ತಡಿಲಾ, ಮಕ್ಳ ಪಾಲು ಮೊದ್ಲು ತೆಗೀತೀನಿ" ಅಂದರು ಮಗನಿಗೆ. ನನ್ನ ಮುಖ ನೋಡಲಿಲ್ಲ. ಬೀಜ ತುಂಬಿದ ಮೊರವನ್ನು ಮಾತ್ರ ನನ್ನ ಕೈಗೇ ಕೊಟ್ಟರು.

ಕೂಗಿದ್ದಕ್ಕೆ ತಪ್ಪಾಯಿತು ಎಂದು ಬರೆಯಲು ಕೂತವಳು ನಾನು. ಇಲ್ಲಿಗೆ ಬರುವ ಹೊತ್ತಿಗೆ ಆ ಮಾತು ಬೇಡವೆನಿಸಿದೆ. ಇನ್ನೊಮ್ಮೆ ಆ ಚೀಲ ಮುಟ್ಟಿದರೆ ಇನ್ನೂ ಜೋರಾಗಿ ಕೂಗುತ್ತೇನೆ. ಅಟ್ಟದ ಕಡಲೆಕಾಯಿ ಸುಲಿದು ಹುರಿದಿಟ್ಟಿದ್ದೇನೆ, ಬೆಲ್ಲವೂ ಇದೆ. ಸೋಪು ಹಾಕಿ ಕೈ ತೊಳೆದು ಬನ್ನಿ. ಈ ಹಾಳೆಗಳನ್ನು ಜೋಪಾನವಾಗಿಡಿ. ಮುಂದೆ ನೀವೂ ಬಿತ್ತುವ ದಿನ ಬಂದರೆ, ಬೀಜಕ್ಕೆ ಔಷಧಿ ಕಲಸುವ ಮುಂಚೆ ತೆಗೆದು ಓದಿ.